ಮನಸ್ಸು ಒಣಗಿದಾಗ ದಾರಿ ಬದಲಿಸಬೇಡಿ

"ನನ್ನ ವಿಶ್ವಾಸವೇ ಹೋಗಿಬಿಟ್ಟಿದೆ" ಅಂತ ಯಾರಾದರೂ ಹೇಳಿಕೊಂಡರೆ, ಹೋಗಿದ್ದು ಏನು ಅಂತ ಮೊದಲು ವಿಚಾರಿಸಬೇಕು. ಸಂಶಯ ಅನ್ನುವ ಒಂದೇ ಹೆಸರಿನಡಿ ಮೂರು ಬೇರೆ ಸಂಗತಿಗಳು ಅಡಗಿರುತ್ತವೆ. ಒಂದು ಬುದ್ಧಿಯದು: ಯೇಸು ನಿಜಕ್ಕೂ ಎದ್ದು ಬಂದನೇ, ನಾಲ್ಕು ಸುವಾರ್ತೆಗಳ ವಿವರಗಳು ಯಾಕೆ ಒಂದೇ ಥರ ಇಲ್ಲ. ಇನ್ನೊಂದು ಗಾಯದ್ದು: ಅಷ್ಟು ಬೇಡಿಕೊಂಡರೂ ಕಾಯಿಲೆ ವಾಸಿಯಾಗಲಿಲ್ಲ, ಸಭೆಯಲ್ಲಿ (ಚರ್ಚಿನಲ್ಲಿ) ನಂಬಿದವರೇ ಕೈಕೊಟ್ಟರು. ಮೂರನೆಯದು ಬರೀ ದಣಿವು. ಗಾಯವಾದವರ ಮುಂದೆ ವಾದ ಹೂಡುವುದು, ಪ್ರಶ್ನೆ ಕೇಳಿದವರಿಗೆ "ಇನ್ನೂ ಪ್ರಾರ್ಥನೆ ಮಾಡು" ಅನ್ನುವುದು: ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಇದೇ.

ಹಾಗಾಗಿ ಸಂಶಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ತಲೆಯಲ್ಲಿ ಅದು ಮಂಜಿನ ಹಾಗೆ ಎಲ್ಲ ಕಡೆ ಇರುತ್ತದೆ, ಹಾಳೆಗೆ ಬಂದರೆ ಅದಕ್ಕೊಂದು ಗಾತ್ರ ಸಿಗುತ್ತದೆ. ವಾಕ್ಯ "ಯಾಕೆ" ಅಂತ ಶುರುವಾಗಿ ಯಾರದೋ ಹೆಸರಲ್ಲಿ ಮುಗಿದರೆ ಅದು ಬಹುಪಾಲು ಗಾಯ. ಏನೂ ಬರೆಯಲು ಹೊಳೆಯದಿದ್ದರೆ ದಣಿವು. ದಣಿವಿಗೆ ಬೈಬಲಿನ ಪ್ರವಾದಿ ಎಲೀಯನ ಪ್ರಸಂಗ ನೋಡಿ (1 ಅರಸುಗಳು 19). ಸಾಯಬೇಕು ಅಂತ ಬೇಡಿಕೊಂಡು ಗಿಡದಡಿ ಮಲಗಿದವನನ್ನು ದೇವದೂತ 2 ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. "ಇಲ್ಲೇನು ಮಾಡುತ್ತಿದ್ದೀ" ಅನ್ನುವ ಪ್ರಶ್ನೆ ಬಂದಿದ್ದು ನಿದ್ದೆ, ಊಟ, 40 ದಿನದ ನಡಿಗೆ ಎಲ್ಲ ಮುಗಿದ ಮೇಲೆ. ವಾರಗಟ್ಟಲೆ ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ವೈದ್ಯರ ಹತ್ತಿರ ಈಗಲೇ ಹೋಗಿ. ಅದು ಅವಿಶ್ವಾಸವಲ್ಲ.

ಪ್ರಾರ್ಥನೆಗೆ ಮಾತೇ ಬಾರದ ದಿನಗಳಿಗೆ ಬೈಬಲಿನ 13ನೇ ಕೀರ್ತನೆ ಒಳ್ಳೆಯ ಅಚ್ಚು. ಇರುವುದು 6 ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಅನ್ನುವ ಕೂಗು 4 ಸಲ. ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಇದೇ ಅಳತೆಯಲ್ಲಿ ನಿಮ್ಮದನ್ನು ಬರೆಯಿರಿ: ನಾಲ್ಕು ದೂರು, ಎರಡು ಬೇಡಿಕೆ, ಬಂದರೆ ಒಂದು ಸಾಲು ಭರವಸೆ. ಎಲ್ಲರೂ ತಪ್ಪುವುದು ಇಲ್ಲಿ: ದೂರನ್ನು ಅರ್ಧಕ್ಕೇ ನುಂಗಿ ಭರವಸೆಗೆ ಹಾರುತ್ತಾರೆ. ಭರವಸೆಯ ಸಾಲು ಬಾರದಿದ್ದರೆ ಬಿಟ್ಟುಬಿಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಲ್ಲಿದೆ.

ಇನ್ನು ದಾರಿ ಹುಡುಕುವ ವಿಷಯ. 16ನೇ ಶತಮಾನದ ಕ್ಯಾಥೊಲಿಕ್ ಸಂತ, ಲೊಯೋಲದ ಇಗ್ನೇಷಿಯಸ್ ತನ್ನ 'ಆಧ್ಯಾತ್ಮಿಕ ಸಾಧನೆಗಳು' ಕೃತಿಯಲ್ಲಿ (1548ರಲ್ಲಿ ಪೋಪರ ಒಪ್ಪಿಗೆಯೊಂದಿಗೆ ಅಚ್ಚಾಯಿತು) ಕೊಟ್ಟ ಒಂದು ನಿಯಮ ಕ್ಯಾಥೊಲಿಕರಲ್ಲದವರಿಗೂ ಸಲ್ಲುತ್ತದೆ: ಮನಸ್ಸು ಒಣಗಿ ಕತ್ತಲಾದ ಹೊತ್ತಿನಲ್ಲಿ ಯಾವ ಬದಲಾವಣೆಯನ್ನೂ ಮಾಡಬೇಡ, ಅದಕ್ಕೆ ಮುಂಚೆ ಮಾಡಿದ್ದ ನಿರ್ಧಾರಕ್ಕೇ ಅಂಟಿಕೊ. ಸೇವೆ ಬಿಡುವುದು, ಸಭೆ ಬದಲಿಸುವುದು, ಮದುವೆಯ ಮಾತು ಮುರಿಯುವುದು, ಯಾವುದನ್ನೂ ಆ ವಾರ ಮಾಡಬೇಡಿ. ಆದರೆ ಹಿಂಸೆಯೋ ಶೋಷಣೆಯೋ ಇದ್ದರೆ ಈ ನಿಯಮ ಹಿಡಿದು ಕೂರಬೇಡಿ, ಮೊದಲು ಹೊರಗೆ ಬನ್ನಿ.

ಮನಸ್ಸು ತಿಳಿಯಾದ ಮೇಲೆ ಎರಡು ಒಳ್ಳೆಯ ದಾರಿಗಳ ನಡುವೆ ಆರಿಸುವುದಕ್ಕೆ ಇಗ್ನೇಷಿಯಸ್‌ನದೇ ಒಂದು ಕ್ರಮವಿದೆ. ಹಾಳೆಯನ್ನು 4 ಭಾಗ ಮಾಡಿ: ಒಪ್ಪಿಕೊಂಡರೆ ಲಾಭ, ಒಪ್ಪಿಕೊಂಡರೆ ತೊಂದರೆ, ಬಿಟ್ಟರೆ ಲಾಭ, ಬಿಟ್ಟರೆ ತೊಂದರೆ. ಎರಡೇ ಭಾಗ ಸಾಲದೇ ಅನ್ನಿಸಬಹುದು. ಸಾಲದು, ಏಕೆಂದರೆ ಬಿಡುವುದರ ತೊಂದರೆ ಏನು ಅಂತ ಬೇರೆಯಾಗಿ ಕೇಳದಿದ್ದರೆ ಅದು ಹೊಳೆಯುವುದೇ ಇಲ್ಲ. ಬರೆದ ಮೇಲೆ ಕಾರಣಗಳನ್ನು ಎಣಿಸಬೇಡಿ, ತೂಗಿ. ಆಮೇಲೆ, ಗುರುತಿಲ್ಲದ ಒಬ್ಬರು ಇದೇ ಪ್ರಶ್ನೆ ತಂದರೆ ನೀವು ಏನು ಹೇಳುತ್ತಿದ್ದಿರಿ ಅಂತ ಯೋಚಿಸಿ. ಬೇರೆಯವರ ವಿಷಯದಲ್ಲಿ ನಮಗೆಲ್ಲ ಬುದ್ಧಿ ಚುರುಕು.

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ಉತ್ತರ ಅಂದುಕೊಳ್ಳುವ ಚಾಳಿಯನ್ನು ಮಾತ್ರ ಬಿಡಿ. ಇಷ್ಟವಾದ ವಚನ ಸಿಗುವವರೆಗೂ ಬೆರಳು ಓಡುತ್ತದೆ. ಇಸ್ರಾಯೇಲರ ನಾಯಕ ಗಿದ್ಯೋನನ ಉಣ್ಣೆಯನ್ನು ಇದಕ್ಕೆ ಆಧಾರವಾಗಿ ತರುವವರು ನ್ಯಾಯಸ್ಥಾಪಕರು 6ನ್ನು ಪೂರ್ತಿ ಓದಬೇಕು. ಏನು ಮಾಡಬೇಕೆಂದು ಅವನಿಗೆ ಆಗಲೇ ಹೇಳಿ ಆಗಿತ್ತು, ಉಣ್ಣೆ ಹಾಸಿ, ಬೆಳಗ್ಗೆ ಅದು ಮಾತ್ರ ಇಬ್ಬನಿಯಲ್ಲಿ ನೆನೆದು ನೆಲ ಒಣಗಿರಲಿ ಅಂತ ಗುರುತು ಕೇಳಿದ್ದು ಹೆದರಿಕೆಗೆ. ಒಂದು ರಾತ್ರಿ ಸಾಲದೆ ಮಾರನೆಯ ರಾತ್ರಿ ಅದನ್ನೇ ತಿರುಗಾಮುರುಗಾ ಕೇಳಿದ.

ಒಂದೇ ಪಾಪವನ್ನು ಮತ್ತೆ ಮತ್ತೆ ಅರಿಕೆ ಮಾಡಿದರೂ ಸಮಾಧಾನವಾಗದವರ ಪಾಡು ಬೇರೆ. ಇಗ್ನೇಷಿಯಸ್‌ಗೂ ಸ್ಪೇನಿನ ಮನ್ರೇಸ ಊರಿನಲ್ಲಿ ಇದೇ ಕಾಟ. ಹಳೆಯದರಲ್ಲಿ ತೀರಾ ಸ್ಪಷ್ಟವಾದದ್ದನ್ನು ಬಿಟ್ಟು ಏನನ್ನೂ ಹೇಳಬೇಡ ಅಂದರು ಪಾಪನಿವೇದನೆ ಕೇಳುತ್ತಿದ್ದ ಗುರುಗಳು. ಅವನಿಗೋ ಎಲ್ಲವೂ ಸ್ಪಷ್ಟವೇ! ಕೊನೆಗೆ ಹಳೆಯದನ್ನು ಹೇಳುವುದನ್ನೇ ಪೂರ್ತಿ ನಿಲ್ಲಿಸಿದ. ಇಂಥವರಿಗೆ ಒಬ್ಬರೇ ಮಾರ್ಗದರ್ಶಕರಿರಲಿ. ನಾಲ್ಕು ಜನರನ್ನು ಕೇಳಿದರೆ ನಾಲ್ಕು ಹೊಸ ಸಂಶಯ.

ಉಳಿದವರು ಮಾತ್ರ ಒಬ್ಬರೇ ಕೂತು ತೀರ್ಮಾನಿಸಬೇಡಿ. ಅಪೊಸ್ತಲರ ಕೃತ್ಯಗಳು 16ರಲ್ಲಿ ಸುವಾರ್ತೆ ಸಾರುತ್ತ ಹೊರಟ ಅಪೊಸ್ತಲ ಪೌಲನಿಗೆ ಮೊದಲು ಸಿಕ್ಕಿದ್ದು ಎರಡು ಅಡ್ಡಿ: ಏಷ್ಯ ಪ್ರಾಂತ್ಯದಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ಸಾರಕೂಡದು, ಬಿಥೂನ್ಯಕ್ಕೂ ಹೋಗಕೂಡದು. ತ್ರೋವ ಪಟ್ಟಣದಲ್ಲಿ ರಾತ್ರಿ ದರ್ಶನ ಕಂಡವನು ಅವನೊಬ್ಬನೇ, ಆದರೆ ಅದರ ಅರ್ಥವನ್ನು ನಿಶ್ಚಯಿಸಿಕೊಂಡವರು "ನಾವು" ಅನ್ನುತ್ತದೆ 10ನೇ ವಚನ. ದರ್ಶನದಲ್ಲಿ ಕರೆದದ್ದು ಮಕೆದೋನ್ಯದ ಒಬ್ಬ ಗಂಡಸು. ಅಲ್ಲಿನ ಫಿಲಿಪ್ಪಿ ಪಟ್ಟಣಕ್ಕೆ ಹೋಗಿ ನೋಡಿದರೆ ನದಿಯ ದಡದಲ್ಲಿ ಕೂಡಿದ್ದವರು ಹೆಂಗಸರು.