ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು?

ಬಡತನ ನಿವಾರಣೆಗಾಗಿ ದುಡಿಯುವ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ಓದುವ ಅಭ್ಯಾಸ ನನಗೆ ಹಲವು ವರ್ಷಗಳಿಂದ ಇದೆ. ಎಷ್ಟು ಹಣ ಖರ್ಚಾಯಿತು, ಎಷ್ಟು ಕುಟುಂಬಗಳಿಗೆ ತಲುಪಿತು, ಯೋಜನೆಗೆ ಸೇರಿದ ಮೇಲೆ ಆ ಕುಟುಂಬಗಳ ಆದಾಯ ಎಷ್ಟು ಏರಿತು ಎಂಬ ಮೂರು ಲೆಕ್ಕಗಳು ಹೆಚ್ಚುಕಡಿಮೆ ಎಲ್ಲ ವರದಿಗಳಲ್ಲೂ ಇರುತ್ತವೆ. ಮೊದಲ ಎರಡನ್ನು ದಾಖಲೆ ಪುಸ್ತಕ ತೆರೆದು ಪರಿಶೀಲಿಸಬಹುದು. ಯೋಜನೆ ಫಲ ಕೊಟ್ಟಿತೇ ಎಂಬ ಪ್ರಶ್ನೆಗೆ ಮೂರನೆಯದೇ ಉತ್ತರವೆಂದು ನಾನೂ ಬಹುಕಾಲ ನಂಬಿದ್ದೆ. ಈಗ ಹಾಗೆ ನಂಬುವುದಿಲ್ಲ. ಏಕೆ ನಂಬುವುದಿಲ್ಲ ಎಂಬುದನ್ನು ತುಸು ವಿವರವಾಗಿಯೇ ಬರೆಯಬೇಕೆನಿಸಿದೆ.

ಮೂರು ವರ್ಷಗಳ ಹಿಂದೆ ಸಣ್ಣ ಸಾಲ ಪಡೆದು ಹೊಲಿಗೆ ಯಂತ್ರ ಕೊಂಡ ಒಬ್ಬ ಮಹಿಳೆಯ ಆದಾಯ ಇಂದು ಒಂದೂವರೆ ಪಟ್ಟು ಆಗಿದೆ ಎಂದುಕೊಳ್ಳೋಣ. ಆ ಮೂರು ವರ್ಷಗಳಲ್ಲಿ ಮಳೆ ಚೆನ್ನಾಗಿ ಆಗಿರಬಹುದು, ಕೂಲಿ ದರ ಏರಿರಬಹುದು, ಮಗ ದುಡಿಯುವ ವಯಸ್ಸಿಗೆ ಬಂದಿರಬಹುದು. ಸಾಲಕ್ಕಾಗಿ ತಾನೇ ಮುಂದೆ ಬಂದ ಆಕೆ ಮೊದಲಿನಿಂದಲೂ ಧೈರ್ಯವಂತೆಯಾಗಿದ್ದು, ಆ ಸಾಲ ಸಿಗದಿದ್ದರೂ ಬೇರೊಂದು ದಾರಿ ಹುಡುಕಿಕೊಳ್ಳುತ್ತಿದ್ದಿರಬಹುದು. ಜೊತೆಗೆ, ಕುಟುಂಬಗಳು ಯೋಜನೆಗಳ ಪಟ್ಟಿಗೆ ಸೇರುವುದು ಸಾಮಾನ್ಯವಾಗಿ ಅವು ಅತ್ಯಂತ ಸಂಕಷ್ಟದಲ್ಲಿರುವಾಗ. ಕಾಯಿಲೆಯೋ ಬೆಳೆನಾಶವೋ ಕಳೆದ ಮೇಲೆ, ಯಾರೂ ಏನೂ ಮಾಡದಿದ್ದರೂ, ಅವುಗಳ ಸ್ಥಿತಿ ಒಂದಿಷ್ಟು ಸುಧಾರಿಸುತ್ತದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧ ಕಲ್ಪಿಸುವ ತಪ್ಪು ಇಲ್ಲಿ ಬಹಳ ಸುಲಭವಾಗಿ ಆಗಿಬಿಡುತ್ತದೆ.

ಇದಕ್ಕೆ ತಿರುವುಮುರುವಾದ ತಪ್ಪೂ ಉಂಟು, ಮತ್ತು ನನ್ನನ್ನು ಹೆಚ್ಚು ನೋಯಿಸುವುದು ಅದೇ. ಬರಗಾಲದಲ್ಲಿ ಸುತ್ತಮುತ್ತಲ ಎಲ್ಲರ ಆದಾಯ ಅರ್ಧಕ್ಕಿಳಿದಾಗ, ಒಂದು ಯೋಜನೆಯ ನೆರವಿನಿಂದ ಕೆಲವು ಕುಟುಂಬಗಳ ಆದಾಯ ಕಾಲುಭಾಗ ಮಾತ್ರ ಇಳಿದರೆ, ಮೊದಲಿನ ಲೆಕ್ಕವನ್ನೂ ನಂತರದ ಲೆಕ್ಕವನ್ನೂ ಮಾತ್ರ ನೋಡುವ ವರದಿಯಲ್ಲಿ ಆ ಯೋಜನೆ ಸೋತಂತೆ ಕಾಣುತ್ತದೆ. ಜನರನ್ನು ಕಾಪಾಡಿದ ಕೆಲಸವೊಂದು ಈ ಕಾರಣಕ್ಕಾಗಿಯೇ ನಿಂತುಹೋಗಬಹುದು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಜನರ ಬದುಕು ಮೊದಲಿಗಿಂತ ಮೇಲಾಯಿತೇ ಎಂಬುದಲ್ಲ, ಯೋಜನೆ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಮೇಲಾಯಿತೇ ಎಂಬುದು. ಆ ಇಲ್ಲದ ಬದುಕನ್ನು ಯಾರೂ ನೋಡಲಾರರು. ಅದಕ್ಕೆ ಸಾಧ್ಯವಾದಷ್ಟು ಹತ್ತಿರವಿರುವ ಇನ್ನೊಂದನ್ನು ಹುಡುಕಿಕೊಳ್ಳಬೇಕು. ಸಾಕಷ್ಟು ದೊಡ್ಡ ಸಂಖ್ಯೆಯ ಹಳ್ಳಿಗಳನ್ನೋ ಕುಟುಂಬಗಳನ್ನೋ ಚೀಟಿ ಎತ್ತಿ ಎರಡು ಗುಂಪು ಮಾಡಿದರೆ, ಧೈರ್ಯ, ಮಳೆ, ಅದೃಷ್ಟ, ಕುಟುಂಬದ ಗಾತ್ರ ಹೀಗೆ ಎಲ್ಲವೂ ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ನಾವು ಅಳೆಯಲು ಮರೆತ ಸಂಗತಿಗಳೂ ಹಾಗೆಯೇ ಹಂಚಿಹೋಗುತ್ತವೆ ಎಂಬುದೇ ಈ ವಿಧಾನದ ನಿಜವಾದ ಬಲ. ಒಂದು ಗುಂಪಿಗೆ ಯೋಜನೆ ತಲುಪಿ ಇನ್ನೊಂದಕ್ಕೆ ತಲುಪದಿದ್ದಾಗ, ಆಮೇಲೆ ಇವೆರಡರ ನಡುವೆ ಕಾಣುವ ವ್ಯತ್ಯಾಸವನ್ನು ಯೋಜನೆಯ ಫಲವೆಂದು ಸಾಕಷ್ಟು ನೆಮ್ಮದಿಯಿಂದ ಹೇಳಬಹುದು.

ಮೆಕ್ಸಿಕೋ ಸರ್ಕಾರ 1997ರಲ್ಲಿ 'ಪ್ರೊಗ್ರೇಸಾ' ಎಂಬ ಯೋಜನೆಯನ್ನು ಆರಂಭಿಸಿದಾಗ ಇದನ್ನೇ ಮಾಡಿತು. ಮಕ್ಕಳು ತಪ್ಪದೆ ಶಾಲೆಗೆ ಹೋಗಬೇಕು, ಕುಟುಂಬ ಆರೋಗ್ಯ ತಪಾಸಣೆಗೆ ಬರಬೇಕು ಎಂಬ ಷರತ್ತಿನ ಮೇಲೆ ತಾಯಂದಿರ ಕೈಗೆ ನೇರವಾಗಿ ಹಣ ಕೊಡುವ ಯೋಜನೆ ಅದು. ಎಲ್ಲ ಹಳ್ಳಿಗಳಿಗೂ ಒಂದೇ ಬಾರಿಗೆ ತಲುಪುವ ಶಕ್ತಿ ಹೇಗೂ ಇರಲಿಲ್ಲವಾದ್ದರಿಂದ, ಅಧ್ಯಯನಕ್ಕೆ ಆರಿಸಿದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, ಉಳಿದ 186ಕ್ಕೆ ಸುಮಾರು ಒಂದೂವರೆ ವರ್ಷದ ನಂತರ ಎಂದು ಚೀಟಿಯ ಮೂಲಕವೇ ತೀರ್ಮಾನವಾಯಿತು. ಮೊದಲ ಗುಂಪಿನ ಹಳ್ಳಿಗಳಲ್ಲಿ ಪ್ರೌಢಶಾಲೆಗೆ ಸೇರುವ ಮಕ್ಕಳ ಸಂಖ್ಯೆ, ಅದರಲ್ಲೂ ಹೆಣ್ಣುಮಕ್ಕಳ ಸಂಖ್ಯೆ, ಸ್ಪಷ್ಟವಾಗಿ ಏರಿತು. 2000ದಲ್ಲಿ ಏಳು ದಶಕಗಳ ಕಾಲ ಆಳಿದ್ದ ಪಕ್ಷವೇ ಸೋತು ಹೊಸ ಸರ್ಕಾರ ಬಂದಾಗಲೂ ಯೋಜನೆ ಬೇರೆ ಹೆಸರಿನಲ್ಲಿ ಉಳಿದುಕೊಂಡಿತು. ಹಿಂದಿನವರ ಗುರುತನ್ನು ಅಳಿಸಿಹಾಕುವುದು ಎಲ್ಲ ಕಡೆಯೂ ರೂಢಿಯಾಗಿರುವಾಗ, ಇಷ್ಟು ಗಟ್ಟಿಯಾದ ಪುರಾವೆ ಇಲ್ಲದಿದ್ದರೆ ಅದು ಉಳಿಯುತ್ತಿತ್ತೇ ಎಂಬುದು ನನಗೆ ಅನುಮಾನ.

ಆದರೆ ಪ್ರೊಗ್ರೇಸಾದ ಕಥೆಯಲ್ಲೇ ಇನ್ನೊಂದು ಎಚ್ಚರಿಕೆಯೂ ಅಡಗಿದೆ. ದಾಖಲಾತಿ ಏರಿತು ಸರಿ. ಆದರೆ ಆರಂಭದ ವರ್ಷಗಳಲ್ಲಿ ಮಕ್ಕಳಿಗೆ ಪರೀಕ್ಷೆ ಕೊಟ್ಟು ನೋಡಿದಾಗ ಎರಡೂ ಗುಂಪುಗಳ ಕಲಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ದಾಖಲಾತಿಯನ್ನು ಮಾತ್ರ ಅಳೆದಿದ್ದರೆ ಗೆಲುವು, ಕಲಿಕೆಯನ್ನು ಮಾತ್ರ ಅಳೆದಿದ್ದರೆ ನಿರಾಶೆ. ಏನನ್ನು ಅಳೆಯಬೇಕೆಂಬ ತೀರ್ಮಾನ ಮೊದಲೇ ಆಗಿರಬೇಕು, ಅದೂ ಬಹಿರಂಗವಾಗಿ ಆಗಿರಬೇಕು. ಫಲಿತಾಂಶ ಬಂದ ಮೇಲೆ ಚೆನ್ನಾಗಿ ಕಾಣುವ ಅಂಕಿಯನ್ನು ಆರಿಸಿಕೊಳ್ಳುವ ಅವಕಾಶ ಯಾರಿಗೂ ಇರಬಾರದು.

ಕಿರುಸಾಲದ ವಿಷಯದಲ್ಲಿ ಈ ಬಗೆಯ ಅಳತೆ ಜನರ ನಂಬಿಕೆಯನ್ನೇ ಬದಲಿಸಿತು. ಒಂದು ಕಾಲಕ್ಕೆ ಕಿರುಸಾಲ ಬಡತನವನ್ನು ಬುಡಸಮೇತ ಕೀಳುತ್ತದೆ ಎಂಬ ಮಾತು ಜಗತ್ತಿನಾದ್ಯಂತ ಕೇಳಿಬರುತ್ತಿತ್ತು, ಅದನ್ನು ಹೇಳುವ ಫಲಾನುಭವಿಗಳ ಕಥೆಗಳಿಗೂ ಕೊರತೆ ಇರಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ ಮತ್ತು ಮೊರಾಕೊ ದೇಶಗಳಲ್ಲಿ ಬೇರೆಬೇರೆ ತಂಡಗಳು ನಡೆಸಿದ ಆರು ಪ್ರಯೋಗಗಳ ಫಲಿತಾಂಶಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಭಾರತದ ಅಧ್ಯಯನ ನಡೆದದ್ದು ಹೈದರಾಬಾದಿನ 104 ಬಡಾವಣೆಗಳಲ್ಲಿ. ಚೀಟಿಯ ಮೂಲಕ ಆರಿಸಿದ 52ರಲ್ಲಿ ಸಾಲದ ಶಾಖೆ ಮೊದಲು ತೆರೆಯಿತು. ಮೊದಲೇ ವ್ಯಾಪಾರ ಇದ್ದವರಲ್ಲಿ ಕೆಲವರು ಅದನ್ನು ವಿಸ್ತರಿಸಿಕೊಂಡರು, ಕೆಲವು ಮನೆಗಳು ಬಾಳಿಕೆ ಬರುವ ವಸ್ತುಗಳನ್ನು ಕೊಂಡವು. ಆದರೆ ಕುಟುಂಬದ ಸರಾಸರಿ ಖರ್ಚಿನಲ್ಲಾಗಲಿ, ಮಕ್ಕಳ ಶಿಕ್ಷಣದಲ್ಲಾಗಲಿ, ಆರೋಗ್ಯದಲ್ಲಾಗಲಿ, ಮನೆಯಲ್ಲಿ ಮಹಿಳೆಯರ ಮಾತಿಗಿದ್ದ ಬೆಲೆಯಲ್ಲಾಗಲಿ ದೊಡ್ಡ ಬದಲಾವಣೆ ಸಿಗಲಿಲ್ಲ. ಉಳಿದ ಐದು ದೇಶಗಳ ಚಿತ್ರವೂ ಹೆಚ್ಚುಕಡಿಮೆ ಇದೇ ಆಗಿತ್ತು. ಕಿರುಸಾಲ ಕೆಟ್ಟದ್ದೆಂದು ಇದರಿಂದ ಸಾಬೀತಾಗಲಿಲ್ಲ. ಯಾವಾಗ ಎಷ್ಟು ಖರ್ಚು ಮಾಡಬೇಕೆಂಬ ಸ್ವಾತಂತ್ರ್ಯವನ್ನು ಅದು ಕೆಲವರಿಗೆ ಕೊಡುತ್ತದೆ, ಆ ಸ್ವಾತಂತ್ರ್ಯಕ್ಕೂ ಬೆಲೆಯಿದೆ. ಆದರೆ ಬಡತನದಿಂದ ಮೇಲೆತ್ತುತ್ತದೆ ಎಂಬ ಭರವಸೆಯನ್ನು ಅದು ಈಡೇರಿಸಲಿಲ್ಲ.

ಯಾವಾಗ ಅಳೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಉಗಾಂಡಾದಲ್ಲಿ 2008ರಲ್ಲಿ ಯುವಜನರ ಸಣ್ಣ ಗುಂಪುಗಳಿಗೆ, ಕಸುಬು ಕಲಿತು ಸ್ವಂತ ಕೆಲಸ ಆರಂಭಿಸಲೆಂದು, ಪ್ರತಿ ಸದಸ್ಯರಿಗೆ ಸುಮಾರು 400 ಡಾಲರಿನ ಲೆಕ್ಕದಲ್ಲಿ ಅನುದಾನ ಕೊಡಲಾಯಿತು. ನಾಲ್ಕು ವರ್ಷಗಳ ನಂತರ ಅವರ ಗಳಿಕೆ ಹೋಲಿಕೆಯ ಗುಂಪಿಗಿಂತ ಶೇಕಡಾ 38ರಷ್ಟು ಹೆಚ್ಚಿತ್ತು. ಸಂಶೋಧಕರು ಅಲ್ಲಿಗೇ ನಿಲ್ಲಿಸಿದ್ದರೆ ನಾವೆಲ್ಲರೂ ಇಂದಿಗೂ ಅದೇ ಅಂಕಿಯನ್ನು ಉದಾಹರಿಸುತ್ತಿದ್ದೆವು. ಒಂಬತ್ತನೆಯ ವರ್ಷದಲ್ಲಿ ಮತ್ತೆ ಹೋಗಿ ನೋಡಿದಾಗ ಅನುದಾನ ಪಡೆಯದವರೂ ತಮ್ಮದೇ ದಾರಿಯಲ್ಲಿ ಸಂಪಾದನೆ ಹೆಚ್ಚಿಸಿಕೊಂಡು ಇವರ ಸಮಕ್ಕೆ ಬಂದಿದ್ದರು. ಆಸ್ತಿಯಲ್ಲಿ ಮತ್ತು ಕುಶಲ ಕೆಲಸದಲ್ಲಿ ಮಾತ್ರ ಒಂದಿಷ್ಟು ಮುನ್ನಡೆ ಉಳಿದಿತ್ತು. ಇದಕ್ಕೆ ಎದುರಾಗಿ, ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಮಾದರಿಯೊಂದಿದೆ. ಅತಿ ಬಡ ಕುಟುಂಬಕ್ಕೆ ಜಾನುವಾರಿನಂಥ ಒಂದು ಆಸ್ತಿ, ಅದನ್ನು ನೋಡಿಕೊಳ್ಳುವ ತರಬೇತಿ, ಕೆಲವು ತಿಂಗಳ ಊಟದ ಖರ್ಚು, ನಿಯಮಿತ ಭೇಟಿ, ಉಳಿತಾಯದ ವ್ಯವಸ್ಥೆ ಇವೆಲ್ಲವನ್ನೂ ಅದು ಒಟ್ಟಿಗೆ ಕೊಡುತ್ತದೆ. ಇದೇ ಮಾದರಿಯನ್ನು ಪಶ್ಚಿಮ ಬಂಗಾಳದಲ್ಲಿ ಜಾರಿಗೆ ತಂದಾಗ ಹತ್ತು ವರ್ಷಗಳ ನಂತರವೂ ಆ ಕುಟುಂಬಗಳ ಖರ್ಚು ಮತ್ತು ಆದಾಯ ಹೋಲಿಕೆಯ ಗುಂಪಿಗಿಂತ ಮೇಲಿದ್ದವು. ಎರಡು ವರ್ಷದ ಅನುದಾನಕ್ಕೆ ಎರಡು ವರ್ಷದ ವರದಿ ಬರೆಯುವ ಪದ್ಧತಿಯಲ್ಲಿ ಈ ಎರಡು ಯೋಜನೆಗಳ ನಡುವಿನ ಅಂತರ ಎಂದಿಗೂ ಕಾಣಿಸುತ್ತಿರಲಿಲ್ಲ.

ಫಲ ಗುಂಪಿನ ಗಡಿ ದಾಟಿ ಹರಿಯುವುದೂ ಉಂಟು. ಕೀನ್ಯಾದ 75 ಶಾಲೆಗಳಲ್ಲಿ 1998ರಿಂದ ಜಂತುಹುಳುವಿನ ಮಾತ್ರೆಯನ್ನು ಹಂತಹಂತವಾಗಿ ಕೊಟ್ಟ ಪ್ರಯೋಗದಲ್ಲಿ, ಮಕ್ಕಳ ಗೈರುಹಾಜರಿ ಸುಮಾರು ಕಾಲುಭಾಗದಷ್ಟು ಇಳಿಯಿತೆಂದೂ, ಸೋಂಕು ಹರಡುವುದು ಕಡಿಮೆಯಾದ್ದರಿಂದ ಮಾತ್ರೆ ನುಂಗದ ಮಕ್ಕಳಿಗೂ ಲಾಭವಾಯಿತೆಂದೂ ಸಂಶೋಧಕರು ಕಂಡುಕೊಂಡರು. ಹೋಲಿಕೆಯ ಮಕ್ಕಳಿಗೇ ಲಾಭವಾದರೆ ಎರಡು ಗುಂಪುಗಳ ವ್ಯತ್ಯಾಸ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ; ಆದ್ದರಿಂದಲೇ ಮಕ್ಕಳನ್ನು ಒಬ್ಬೊಬ್ಬರಾಗಿ ಅಲ್ಲ, ಶಾಲೆಗಳನ್ನೇ ಗುಂಪುಗಳಾಗಿ ವಿಂಗಡಿಸಿದ್ದು ಸರಿಯಾಗಿತ್ತು. 2015ರಲ್ಲಿ ಬೇರೆ ತಜ್ಞರು ಅದೇ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿ, ದೂರದ ಶಾಲೆಗಳಿಗೆ ಹರಿದ ಲಾಭದ ಲೆಕ್ಕದಲ್ಲಿ ದೋಷಗಳನ್ನು ತೋರಿಸಿದರು, ಬಿರುಸಿನ ವಾದವಿವಾದವೂ ನಡೆಯಿತು. ಮೂಲ ಸಂಶೋಧಕರು ತಮ್ಮ ದತ್ತಾಂಶವನ್ನು ಹಂಚಿಕೊಂಡಿದ್ದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನು ಗೌರವದಿಂದಲೇ ಹೇಳುತ್ತೇನೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ಪ್ರಕರಣ ಉತ್ತರ ಬಾಂಗ್ಲಾದೇಶದ ರಂಗಪುರ ಪ್ರದೇಶದ್ದು. ಅಲ್ಲಿ ನಾಟಿಗೂ ಕೊಯ್ಲಿಗೂ ನಡುವಿನ ತಿಂಗಳುಗಳಲ್ಲಿ ಹೊಲದಲ್ಲಿ ಕೆಲಸವಿಲ್ಲದೆ ಹಸಿವು ಕಾಡುತ್ತದೆ. ಆ ಅವಧಿಗೆ ಅಲ್ಲಿನವರು 'ಮೊಂಗಾ' ಎನ್ನುತ್ತಾರೆ. 2008ರಲ್ಲಿ ಸಂಶೋಧಕರು ಚೀಟಿಯ ಮೂಲಕ ಆರಿಸಿದ ಕುಟುಂಬಗಳಿಗೆ ಎಂಟೂವರೆ ಡಾಲರಿನಷ್ಟು ಹಣ ಕೊಟ್ಟು, ಮನೆಯಿಂದ ಒಬ್ಬರು ಪಟ್ಟಣಕ್ಕೋ ಬೇರೆ ಊರಿಗೋ ಕೆಲಸ ಹುಡುಕಿಕೊಂಡು ಹೋಗಲು ನೆರವಾದರು. ಅದರಿಂದ ಶೇಕಡಾ 22ರಷ್ಟು ಕುಟುಂಬಗಳು ಒಬ್ಬರನ್ನು ಹೊಸದಾಗಿ ಕಳುಹಿಸಿದವು, ಊರಿನಲ್ಲಿ ಉಳಿದವರ ಊಟ ಸುಧಾರಿಸಿತು, ಹಣ ನಿಂತ ಮೇಲೂ ಹಲವರು ಮುಂದಿನ ವರ್ಷಗಳಲ್ಲಿ ತಾವಾಗಿಯೇ ಹೋದರು. ಇಷ್ಟು ಕಡಿಮೆ ಖರ್ಚಿನಲ್ಲಿ ಹಸಿವಿನ ಕಾಲವನ್ನು ದಾಟಿಸುವ ಉಪಾಯ ಸಿಕ್ಕಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ಎವಿಡೆನ್ಸ್ ಆಕ್ಷನ್ ಎಂಬ ಸಂಸ್ಥೆ ಇದನ್ನು ದೊಡ್ಡ ಪ್ರಮಾಣದಲ್ಲಿ, ಸಾಲದ ರೂಪದಲ್ಲಿ ವಿಸ್ತರಿಸಿತು. ವಿಸ್ತರಿಸಿದ ಮೇಲೂ ಅಳತೆಯನ್ನು ಬಿಡಲಿಲ್ಲ. 2017ರ ಋತುವಿನಲ್ಲಿ ನಡೆದ ಮೌಲ್ಯಮಾಪನದಲ್ಲಿ, ವಲಸೆಯ ಮೇಲಾಗಲಿ ಊಟದ ಖರ್ಚಿನ ಮೇಲಾಗಲಿ ನಿರೀಕ್ಷಿಸಿದ ಪರಿಣಾಮ ಸಿಗಲಿಲ್ಲ. ನಂತರದ ವಿಶ್ಲೇಷಣೆ ಮುಂದಿಟ್ಟ ಒಂದು ಕಾರಣವೆಂದರೆ, ಸಾಲ ಹಂಚುವ ಸಿಬ್ಬಂದಿ ಹೇಗೂ ಹೊರಡಲಿದ್ದವರನ್ನೇ ಹೆಚ್ಚಾಗಿ ಆರಿಸಿದ್ದರು ಎಂಬುದು. ಹೊರಗಿನಿಂದ ನೋಡಿದರೆ ಎಲ್ಲವೂ ಚೆನ್ನಾಗಿತ್ತು. ಹಣ ಪಡೆದವರು ಹೋದರು, ದುಡಿದರು, ಮರಳಿದರು. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಸಾಲವು ಯಾವ ಬದಲಾವಣೆಯನ್ನೂ ತರಲಿಲ್ಲವೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. 2019ರಲ್ಲಿ ಸಂಸ್ಥೆ ಆ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ ತಾನೇ ಬಹಿರಂಗವಾಗಿ ಹೇಳಿತು. ಬಡವರ ಹೆಸರಿನಲ್ಲಿ ಹಣ ಪಡೆಯುವ ಸಂಸ್ಥೆಯೊಂದು ಆಡಬಹುದಾದ ಅತ್ಯಂತ ಕಷ್ಟದ ಮಾತು ಅದೆಂದು ನಾನು ಭಾವಿಸುತ್ತೇನೆ. ಆ ಮಾತನ್ನು ಕೇಳಿ ದಾನಿಗಳು ಬೆನ್ನು ತಿರುಗಿಸಿದರೆ, ಮುಂದಿನ ಸಂಸ್ಥೆ ಅಳತೆಯ ಗೊಡವೆಗೇ ಹೋಗುವುದಿಲ್ಲ.

ಈ ವಿಧಾನದ ಮೇಲಿನ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. 2015ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್, ಒಂದು ಕಡೆ ಫಲ ಕೊಟ್ಟದ್ದು ಇನ್ನೊಂದು ಕಡೆಯೂ ಕೊಡುತ್ತದೆಂದು ಪ್ರಯೋಗವೊಂದೇ ಹೇಳಲಾರದು, ಅದು ಏಕೆ ಫಲ ಕೊಟ್ಟಿತೆಂದು ತಿಳಿಯಬೇಕು ಎಂದು ಬಹಳ ಕಾಲದಿಂದ ಎಚ್ಚರಿಸುತ್ತಾ ಬಂದಿದ್ದಾರೆ. ಇಂಥ ಪ್ರಯೋಗಗಳಿಗಾಗಿಯೇ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಮೈಕೆಲ್ ಕ್ರೇಮರ್ ಅವರಿಗೆ ಅದೇ ಪ್ರಶಸ್ತಿ ಬಂದ ಮೇಲೂ ಡೀಟನ್ ಅವರ ಮಾತಿನ ತೂಕ ಕಡಿಮೆಯಾಗಿಲ್ಲ. ರಂಗಪುರದ ಅನುಭವವೇ ಅದಕ್ಕೆ ಸಾಕ್ಷಿ. ಭೂಸುಧಾರಣೆ, ವಿನಿಮಯ ದರ, ದೇಶದ ಒಟ್ಟು ಬೆಳವಣಿಗೆ ಮುಂತಾದವನ್ನು ಚೀಟಿ ಎತ್ತಿ ಹಂಚಲಾಗದು, ಬಡತನವನ್ನು ದೊಡ್ಡ ಪ್ರಮಾಣದಲ್ಲಿ ಇಳಿಸಿರುವ ಶಕ್ತಿಗಳಲ್ಲಿ ಅನೇಕವು ಇಂಥವೇ. ಅಳೆಯಲು ಸುಲಭವಾದದ್ದನ್ನೇ ಮುಖ್ಯವೆಂದು ಎಣಿಸುವ ಅಪಾಯ ನಿಜವಾಗಿಯೂ ಇದೆ. ಸರಾಸರಿಯ ಹಿಂದೆ ಮುಳುಗಿದವರೂ ತೇಲಿದವರೂ ಒಟ್ಟಿಗೆ ಮರೆಯಾಗುತ್ತಾರೆ ಎಂಬುದೂ ನಿಜ.

ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದಿರುವುದು ಅನ್ಯಾಯವಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಫಲ ಖಚಿತವಾಗಿದ್ದು ಎಲ್ಲರಿಗೂ ಸಾಲುವಷ್ಟು ಹಣವಿದ್ದರೆ ಖಂಡಿತ ಅನ್ಯಾಯ. ಹಣ ಸಾಲದಿದ್ದಾಗ ಯಾರಿಗೆ ಮೊದಲು ಎಂಬುದನ್ನು ಹೇಗೂ ಯಾರಾದರೂ ತೀರ್ಮಾನಿಸಲೇಬೇಕು. ಆಗ ಪ್ರಭಾವಿಗಳ ಶಿಫಾರಸಿಗಿಂತ ಚೀಟಿ ಹೆಚ್ಚು ನ್ಯಾಯವಾದದ್ದೆಂದು ನನಗೆ ಅನಿಸುತ್ತದೆ. ಆದರೆ ಅಷ್ಟಕ್ಕೇ ಋಣ ತೀರುವುದಿಲ್ಲ. ಇಂಥ ಸಮೀಕ್ಷೆಗಳಲ್ಲಿ ಹೋಲಿಕೆಯ ಗುಂಪಿನ ಕುಟುಂಬಗಳು ತಾವು ಏನು ಉಂಡೆವು, ಯಾರಿಂದ ಸಾಲ ತಂದೆವು, ಯಾವ ಮಗುವಿಗೆ ಕಾಯಿಲೆಯಾಯಿತು ಎಂಬಂಥ ನೂರಾರು ಪ್ರಶ್ನೆಗಳಿಗೆ ಗಂಟೆಗಟ್ಟಲೆ ಕೂತು, ಕೆಲವೊಮ್ಮೆ ವರ್ಷಗಳ ಅಂತರದಲ್ಲಿ ಮತ್ತೆಮತ್ತೆ ಉತ್ತರಿಸುತ್ತವೆ. ಬೇರೆಯವರಿಗೆ ಸಿಕ್ಕ ನೆರವಿನ ಬೆಲೆ ನಮಗೆ ತಿಳಿಯುವುದು ಅವರು ಕೊಟ್ಟ ಆ ಉತ್ತರಗಳಿಂದಲೇ. ಅಧ್ಯಯನ ಮುಗಿದ ಮೇಲೆ ಅವರ ಬಳಿಗೆ ಮರಳಿ ಹೋಗಿ, ಏನು ತಿಳಿದುಬಂತೆಂದು ಅವರದೇ ಭಾಷೆಯಲ್ಲಿ ಹೇಳಿ, ಫಲ ಕೊಟ್ಟದ್ದನ್ನು ಅವರಿಗೂ ಕೊಡುವ ಖರ್ಚನ್ನು ಮೊದಲ ದಿನದ ಬಜೆಟ್ಟಿನಲ್ಲೇ ಸೇರಿಸಿಡಬೇಕು.