ಪದದ ಬಳಿ ಕೇಳಿದ ಮಾಸ್ಟ್ರು

ಕಳೆದ ತಿಂಗಳು ನಮ್ಮ ಇಂಗ್ಲಿಷ್ ಮಾಸ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ನಾನು ಮುಂಬಯಿ ಪಕ್ಕದ ಠಾಣೆ ಊರಿನ ನಮ್ಮ ಮನೆಯಲ್ಲಿ ಮೊಮ್ಮಗಳ ಹೋಂವರ್ಕ್ ನೋಡುತ್ತಿದ್ದೆ. ಐವತ್ತು ಇಂಗ್ಲಿಷ್ ಪದಗಳ ಪಟ್ಟಿ, ಎದುರಿಗೆ ಅರ್ಥ. ಬಾಯಿಪಾಠ ಮಾಡಿ ಸೋಮವಾರ ಒಪ್ಪಿಸಬೇಕಂತೆ. ಫೋನ್ ಇಟ್ಟು ಮತ್ತೆ ಆ ಹಾಳೆ ನೋಡಿದಾಗ ಕಣ್ಣು ತುಂಬಿ ಬಂತು. ಒಂದು ಪದಕ್ಕೂ ನೆಂಟರಿರಲಿಲ್ಲ.

ನಾನು ಮುಂಬಯಿಯ ಫೋರ್ಟ್ ಪ್ರದೇಶದ ನಮ್ಮ ರಾತ್ರಿ ಶಾಲೆಗೆ ಸೇರಿದ್ದು 1975ರಲ್ಲಿ, ಎಂಟನೇ ಕ್ಲಾಸಿಗೆ. ಉಡುಪಿ ಕಡೆಯ ಹಳ್ಳಿಯಿಂದ ಬಂದು ಒಂದು ಆಫೀಸ್ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆ. ಸಂಜೆ ಏಳಕ್ಕೆ ಶಾಲೆ. ಹಗಲು ಅಲ್ಲಿ ಚಿಕ್ಕ ಮಕ್ಕಳು ಕಲಿಯುತ್ತಿದ್ದರು, ಆ ಬೆಂಚಿನಲ್ಲಿ ನಮ್ಮ ಮೊಣಕಾಲು ಹಿಡಿಸುತ್ತಿರಲಿಲ್ಲ. ಗಣಿತ, ಭೂಗೋಳದಲ್ಲಿ ಏನು ಕಲಿತೆನೋ ಈಗ ಒಂದೂ ನೆನಪಿಲ್ಲ. ಮಾಸ್ಟ್ರು ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ಇದ್ದಾರೆ. ಹಗಲು ಅವರು ಒಂದು ಕಚೇರಿಯಲ್ಲಿ ಗುಮಾಸ್ತರು. ಕೆಲಸ ಮುಗಿಸಿ ನೇರ ಶಾಲೆಗೆ, ಆಮೇಲೆ ರಾತ್ರಿ ಲೋಕಲ್ ರೈಲು ಹಿಡಿದು ಡೊಂಬಿವಿಲಿಯ ಮನೆಗೆ.

ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಪದ ಬರೆದು ಕೇಳಿದರು, "ಇದರ ಬಳಿ ಯಾವುದು?" ನಮಗೆ ಆಶ್ಚರ್ಯ. ನಮ್ಮ ಊರಿನಲ್ಲಿ ಹೊಸಬರು ಸಿಕ್ಕರೆ ಹಿರಿಯರು ಕೇಳುವ ಪ್ರಶ್ನೆ ಅದು. ಬಳಿ ಅಂದರೆ ತಾಯಿ ಕಡೆಯಿಂದ ಬರುವ ಕುಲದ ಹೆಸರು. ಬಳಿ ಗೊತ್ತಾದರೆ ಯಾರ ಮನೆಯವರು, ನಮಗೆ ಏನಾಗಬೇಕು, ಎಲ್ಲ ತಿಳಿಯುತ್ತದೆ. "ಪದಕ್ಕೂ ಬಳಿ ಇದೆ ಮಾರಾಯ. ಒಂದನ್ನು ಹಿಡಿದರೆ ಹತ್ತು ಬರ್ತಾವೆ" ಅಂದರು.

ಅವರು ಶುರು ಮಾಡಿದ್ದು ಪಾವಿನಿಂದ. ನಾವು ದಿನಾ ಚಹಾದಲ್ಲಿ ಅದ್ದಿ ತಿನ್ನುವ ಪಾವ್! ಪೋರ್ಚುಗೀಸರು ತಂದ ಮಾತು ಅದು, ಅವರಿಗೆ ಬಂದದ್ದು ಲ್ಯಾಟಿನ್‌ನಿಂದ. ಲ್ಯಾಟಿನ್‌ನಲ್ಲಿ ಪಾನಿಸ್ ಅಂದರೆ ರೊಟ್ಟಿ. ರೊಟ್ಟಿ ಇಡುವ ಕೋಣೆ ಪ್ಯಾಂಟ್ರಿ. ಜೊತೆಗೆ ಕೂತು ರೊಟ್ಟಿ ತಿನ್ನುವವನು ಕಂಪ್ಯಾನಿಯನ್. ಅಂಥವರ ಕೂಟ ಕಂಪನಿ. ದಿನವಿಡೀ ಪ್ಯಾಂಟ್ರಿಯಲ್ಲಿ ನಿಂತು, ಕಂಪನಿಯ ಸಾಹೇಬರಿಗೆ ಚಹಾ ಕೊಟ್ಟು ಬಂದ ಹುಡುಗ ನಾನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಮ್ಯಾನೇಜರ್. ಲ್ಯಾಟಿನ್‌ನಲ್ಲಿ ಮಾನುಸ್ ಅಂದರೆ ಕೈ. ಇಟಲಿಯಲ್ಲಿ ಕುದುರೆಯನ್ನು ಕೈಯಲ್ಲಿ ಹಿಡಿದು ಪಳಗಿಸುವುದಕ್ಕೆ ಹೇಳುತ್ತಿದ್ದ ಮಾತಿನಿಂದ ಮ್ಯಾನೇಜ್ ಬಂತು. ಮ್ಯಾನ್ಯುಯಲ್, ಮ್ಯಾನ್ಯುಸ್ಕ್ರಿಪ್ಟ್, ಮ್ಯಾನ್ಯುಫ್ಯಾಕ್ಚರ್ ಎಲ್ಲ ಅದೇ ಬಳಿ. ಕ್ಯಾಂಟೀನಿನ ಹಳೇ ಬಿಲ್ ಪುಸ್ತಕದ ಹಿಂಬದಿ ಖಾಲಿ ಇರುತ್ತಿತ್ತಲ್ಲ, ಅದರಲ್ಲೇ ಬರೆದುಕೊಳ್ಳುತ್ತಿದ್ದೆವು. ಒಂದು ಹಾಳೆಗೆ ಒಂದು ಬಳಿ. ನನ್ನ ಮೂರು ಪುಸ್ತಕಗಳು ಇವತ್ತಿಗೂ ಕಪಾಟಿನಲ್ಲಿವೆ.

ಒಂದು ಕಿತಾಪತಿಯನ್ನು ಇಲ್ಲಿ ಹೇಳಲೇಬೇಕು. ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಟೆಸ್ಟ್ ಇತ್ತು. ಕ್ಯಾಪಿಟಲ್ ಟಾಕೀಸಿಗೆ ಹೋಗಬೇಕು ಅಂತ ನಮ್ಮ ಪ್ಲಾನ್. ನಾನು ಮೆಟ್ಟಿಲ ಕೆಳಗಿನ ಪಿಂಗಾಣಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬಂದು ಕೂತೆ. ಇಡೀ ಕ್ಲಾಸು ಕತ್ತಲು. ಎಲ್ಲರೂ ಎದ್ದರು. ಬಾಗಿಲ ಹತ್ತಿರ ಮಾಸ್ಟ್ರ ದನಿ ಕೇಳಿತು, "ಕೂತ್ಕೊಳ್ಳಿ. ಕತ್ತಲಲ್ಲಿ ಬರೆಯೋದಕ್ಕೆ ಆಗಲ್ಲ, ಹೇಳೋದಕ್ಕೆ ಆಗ್ತದೆ ಅಲ್ವಾ? ವಿಡೇರೆ ಅಂದ್ರೆ ನೋಡು. ಅದರ ಬಳಿ ಹೇಳಿ."

ಮುಂದಿನ ಬೆಂಚಿನವನು ವಿಸಿಟರ್ ಅಂದ. ಇನ್ನೊಬ್ಬ ಟೆಲಿವಿಷನ್ ಅಂದ. ಮುಂಬಯಿಗೆ ಟೀವಿ ಬಂದು ಆಗ ನಾಲ್ಕೇ ವರ್ಷ. ತಾಯಿ ಲ್ಯಾಟಿನ್ ಆದರೂ ಟೆಲಿ ಗ್ರೀಕ್ ಕಡೆಯ ಸೊಸೆ ಅಂದರು ಮಾಸ್ಟ್ರು. ಸೂಪರ್‌ವೈಸರ್, ಎವಿಡೆನ್ಸ್, ಇಂಟರ್‌ವ್ಯೂ, ಸರ್ವೆ ಬಂದವು. ಯಾರೋ ಡಿವೈಡ್ ಅಂದಾಗ, "ಅಲ್ಲ, ಅದು ಬೇರೆ ಬಳಿ. ಮುಖ ನೋಡಿ ನೆಂಟಸ್ತಿಕೆ ಕಟ್ಟಬೇಡಿ" ಅಂದರು. ಎನ್ವಿ ಅನ್ನುವ ಪದವನ್ನು ಅವರೇ ಕೊಟ್ಟರು. ಹೊಟ್ಟೆಕಿಚ್ಚು. ಕೆಟ್ಟ ಕಣ್ಣಿಂದ ನೋಡುವುದು. "ನಮ್ಮಲ್ಲಿ ದೃಷ್ಟಿ ತಾಗೋದು ಅಂತೀವಲ್ಲ, ಅದೇ ಕಣ್ಣು." ಕೊನೆಗೆ ವಿದ್ಯೆ, ವೇದ ಕೂಡ ಆ ಕುಟುಂಬದ ದೂರದ ನೆಂಟರು ಅಂತ ಹೇಳಿದರು. ಸಿನಿಮಾ ಯಾರಿಗೆ ನೆನಪಿತ್ತು? ಒಂದು ಗಂಟೆ ಆ ಕತ್ತಲಲ್ಲಿ ಕೂತಿದ್ದೆವು.

ಹೊರಡುವಾಗ ಮಾಸ್ಟ್ರು ನನ್ನ ಮುಂದೆ ನಿಂತು ಕೈ ಚಾಚಿದರು. "ಫ್ಯೂಸ್ ಕೊಡು ಮಾರಾಯ." ಅಷ್ಟೇ. ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಮುಂದೆ ನಾನು ಬ್ಯಾಂಕ್ ಸೇರಿದೆ. ಆಫೀಸರ್ ಆಗುವ ಪರೀಕ್ಷೆಯನ್ನು ಮೊದಲ ಸಲವೇ ಪಾಸ್ ಮಾಡಿದೆ. ಶಾಖೆಯಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಎಷ್ಟೋ ಜನ ಇದ್ದರು. ಆದರೂ ಹೆಡ್ ಆಫೀಸಿಗೆ ಹೋಗುವ ಕಷ್ಟದ ಪತ್ರಗಳು ನನ್ನ ಮೇಜಿಗೇ ಬರುತ್ತಿದ್ದವು. ಎಕ್ಸ್‌ಪಿಡೈಟ್ ಅಂತ ಬರೆಯುವಾಗಲೆಲ್ಲ ಅದರೊಳಗಿನ ಪೆಡ್, ಅಂದರೆ ಲ್ಯಾಟಿನ್‌ನ ಕಾಲು, ನನಗೆ ಕಾಣುತ್ತಿತ್ತು. ಕಾಲಿನ ಕಟ್ಟು ಬಿಡಿಸಿ ಬೇಗ ಸಾಗಿಸಿದರೆ ಎಕ್ಸ್‌ಪಿಡೈಟ್, ಕಾಲು ಕಟ್ಟಿ ಹಾಕಿ ತಡೆದರೆ ಇಂಪೀಡ್. ನಮ್ಮ ಷಟ್ಪದಿಯ ಪದವೂ ಆ ಕಾಲಿನ ನೆಂಟ. ಇದನ್ನು ನನ್ನ ಜೂನಿಯರ್‌ಗಳಿಗೂ ಹೇಳಿಕೊಟ್ಟಿದ್ದೇನೆ, ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗಿನ ಶಾಲೆಗಳ ಮೇಲೆ ನನಗೆ ಸಿಟ್ಟಿಲ್ಲ, ಬೇಜಾರಿದೆ. ಮಕ್ಕಳಿಗೆ ಪದಗಳು ಜಾಸ್ತಿ ಸಿಗುತ್ತವೆ, ಆ ಪದಗಳ ಮನೆಗೆ ಕರೆದುಕೊಂಡು ಹೋಗುವವರಿಲ್ಲ. ಸೋಮವಾರ ಒಪ್ಪಿಸಿ ಮಂಗಳವಾರ ಮರೆಯುತ್ತಾರೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳೂ ಒಂದೊಂದಾಗಿ ಮುಚ್ಚಿದವು. ಊರಿಂದ ಹುಡುಗರು ಹೋಟೆಲ್ ಕೆಲಸಕ್ಕೆ ಬರುವುದು ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಆ ಮಾಸ್ಟ್ರುಗಳ ಜಾಗ ಹಾಗೇ ಖಾಲಿ ಉಳಿಯಿತು.

ಡೊಂಬಿವಿಲಿಯಲ್ಲಿ ಉತ್ತರಕ್ರಿಯೆ ಮುಗಿಸಿ ನಾವು ನಾಲ್ವರು ಹಳೇ ಹುಡುಗರು ಸ್ಟೇಷನ್ ಹತ್ತಿರ ಚಹಾಕ್ಕೆ ಕೂತೆವು. ಪಾವ್ ತರಿಸಿದೆವು. ಯಾರೋ ಕಂಡೋಲೆನ್ಸ್ ಅಂದರು. ತಕ್ಷಣ ಬಳಿ ಹುಡುಕಲು ಶುರು. ಡೊಲೇರೆ ಅಂದರೆ ನೋವು ಪಡು. ಕಂಡೋಲೆನ್ಸ್ ಅಂದರೆ ಜೊತೆಗೆ ನೋಯುವುದು. ಸೋಮಾರಿ ಅನ್ನುವ ಇಂಡೊಲೆಂಟ್ ಇದೇ ಬಳಿಯೋ ಅಂತ ಗೆಳೆಯ ಕೇಳಿದ. ಯಾರೂ ಖಚಿತವಾಗಿ ಹೇಳಲಿಲ್ಲ. ಸುಮ್ನೆ ಊಹೆ ಮಾಡಿದರೆ ಮಾಸ್ಟ್ರಿಗೆ ಆಗುತ್ತಿರಲಿಲ್ಲ.

ಮನೆಗೆ ಬಂದು ದೊಡ್ಡ ಡಿಕ್ಷನರಿ ತೆಗೆದೆ. ನೋವೇ ತಾಗದವನು ಅನ್ನುವುದು ಅದರ ಹಳೇ ಅರ್ಥ. ಮೊಮ್ಮಗಳು ಪಕ್ಕದಲ್ಲಿ ನಿಂತು ಇಣುಕುತ್ತಿದ್ದಳು. ರಾತ್ರಿ ಹತ್ತೂವರೆಗೆ ಗೆಳೆಯನಿಗೆ ಫೋನ್ ಮಾಡಿದೆ. "ಹೌದು ಮಾರಾಯ, ಅದೂ ಅದೇ ಬಳಿ."