ಬಾಗಿಲು ಕೊಳ್ಳಲು ಹೋದ ದಿನ

ಊರಿನ ಹಳೆಯ ಮನೆಯನ್ನು ಕೆಡವಿ ಅಣ್ಣ ಹೊಸದನ್ನು ಕಟ್ಟಿಸುತ್ತಿದ್ದ. ತಳಪಾಯ ಮುಗಿದು ತಲಬಾಗಿಲು ನಿಲ್ಲಿಸುವ ಹೊತ್ತು ಬಂದಾಗ ಮನೆಯಲ್ಲಿ ಸಣ್ಣದೊಂದು ಜಗಳವಾಯಿತು. ಗದಗಿನಲ್ಲಿ ಬೇಕಾದ ಅಳತೆಯ ಚೌಕಟ್ಟು ಅರ್ಧ ತಾಸಿನಲ್ಲಿ ಸಿಗುತ್ತದೆ ಎಂದು ಅಣ್ಣ ಹೇಳಿದ. ಬಾಗಿಲೆಂದರೆ ಬನಶಂಕರಿ ಜಾತ್ರೆಯದೇ ಆಗಬೇಕು ಎಂದು ಅವ್ವ ಪಟ್ಟು ಹಿಡಿದಳು. ಅವ್ವ ಪಟ್ಟು ಹಿಡಿದ ಮೇಲೆ ಮಾತು ಮುಗಿಯಿತು. ರಜೆಗೆಂದು ಬೆಂಗಳೂರಿನಿಂದ ಬಂದು ಸುಮ್ಮನೆ ಕುಳಿತಿದ್ದ ನನ್ನನ್ನು ಅವಳ ಜೊತೆಗೆ ಕಳಿಸಿದರು.

ಜಾತ್ರೆಯಲ್ಲಿ ಬಾಗಿಲು ಕೊಳ್ಳುತ್ತೇವೆ ಎಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ನಮ್ಮ ಕಡೆ ಅದು ನಗುವ ಮಾತಲ್ಲ. ಪುಷ್ಯದ ಹುಣ್ಣಿಮೆಗೆ, ಅಂದರೆ ನಾವು ಬನದ ಹುಣ್ಣಿಮೆ ಎನ್ನುವ ದಿನ, ತೇರು ಎಳೆದ ಮೇಲೆ ಬನಶಂಕರಿಯ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ನಾಟಕ ಕಂಪನಿಗಳು ಡೇರೆ ಹಾಕಿ ರಾತ್ರಿಯಿಡೀ ಆಟ ಆಡುತ್ತವೆ. ಇನ್ನೊಂದು ಕಡೆ ಸಾಗವಾನಿ, ಬೇವು ಮುಂತಾದ ಕಟ್ಟಿಗೆಯ ಚೌಕಟ್ಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಗೋಡೆಯಿಲ್ಲದ ನೂರಾರು ಬಾಗಿಲುಗಳ ಊರು. ಚಿಕ್ಕವನಿದ್ದಾಗ ಒಂದರಿಂದ ನುಸುಳಿ ಇನ್ನೊಂದರಿಂದ ಹೊರಬಿದ್ದು ಬೈಸಿಕೊಂಡದ್ದು ನೆನಪಿದೆ.

ಹೊರಡಲು ನಾನು ಹೆಚ್ಚು ಗೊಣಗಲಿಲ್ಲ. ಬನಶಂಕರಿಯಿಂದ ಬಾದಾಮಿ ಐದು ಕಿಲೋಮೀಟರು. ಬಾದಾಮಿಯಲ್ಲಿ ನನಗೊಂದು ಹಳೆಯ ಬಾಕಿ ಇತ್ತು.

ಕಪ್ಪೆ ಅರಭಟ್ಟನ ಶಾಸನವನ್ನು ಪದವಿಪೂರ್ವ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆ. ಆ ಹೆಸರು ಕೇಳಿ ಇಡೀ ತರಗತಿ ನಕ್ಕಿತ್ತು, ಹಿಂದಿನ ಬೆಂಚಿನಿಂದ ಯಾರೋ ವಟಗುಟ್ಟಿದ್ದರು. ಶಾಲೆಯ ಪ್ರವಾಸ, ನೆಂಟರ ಜೊತೆ, ಗೆಳೆಯರ ಜೊತೆ ಎಂದು ಆರೇಳು ಸಲವಾದರೂ ಬಾದಾಮಿಗೆ ಹೋಗಿದ್ದೇನೆ. ಪ್ರತಿ ಸಲ ಗುಹೆಗಳು, ಹದಿನೆಂಟು ಕೈಗಳ ನಟರಾಜ, ಬುತ್ತಿ ಕಸಿಯುವ ಮಂಗಗಳು, ಆಮೇಲೆ ಪಟ್ಟದಕಲ್ಲಿಗೆ ಹೊತ್ತಾಯಿತೆಂಬ ಕೂಗು. ಕೆರೆಯ ಆಚೆ ದಂಡೆಯ ಬಂಡೆಯಲ್ಲಿ ಅರಭಟ್ಟ ಇದ್ದಾನೆ ಎಂದು ಗೊತ್ತಿದ್ದೂ ಒಮ್ಮೆಯೂ ಅತ್ತ ಕಾಲಿಟ್ಟಿರಲಿಲ್ಲ.

ಮುಂಜಾನೆಯ ಬಸ್ಸಿಗೆ ರೋಣ ದಾಟಿ, ಚೊಳಚಗುಡ್ಡದ ಹತ್ತಿರ ಮಲಪ್ರಭೆಯ ಸೇತುವೆ ದಾಟಿ ಬನಶಂಕರಿಯಲ್ಲಿ ಇಳಿದೆವು. ಚಿಕ್ಕವ್ವ ಮೊದಲೇ ಬಂದು ಹೊಂಡದ ಕಟ್ಟೆಯ ಮೇಲೆ ಕುಳಿತಿದ್ದಳು. ಹೊಂಡದಲ್ಲಿ ಕಾಲು ತೊಳೆದು, ಸಾಲಿನಲ್ಲಿ ನಿಂತು, ಸಿಂಹದ ಮೇಲೆ ಕುಳಿತ ಕರಿಯ ತಾಯಿಯನ್ನು ಕಂಡು, ಆಮೇಲೆ ಅಕ್ಕತಂಗಿಯರು ಮಾತು ಮುಗಿಸಿ ಏಳುವುದಕ್ಕೆ ಮಧ್ಯಾಹ್ನವಾಗುತ್ತದೆಂದು ನನಗೆ ಗೊತ್ತಿತ್ತು. ಒಂದು ಗಂಟೆಗೆ ರೊಟ್ಟಿಯ ಹೊತ್ತಿಗೆ ಬರುತ್ತೇನೆ ಎಂದು ಹೇಳಿ ಟೆಂಪೋ ಹತ್ತಿದೆ.

ಅಭ್ಯಾಸಬಲದಿಂದ ಮೊದಲು ಗುಹೆಗಳಿಗೇ ಹೋದೆ. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಸಂಸ್ಕೃತ ಶಾಸನವಿದೆ: ಶಕ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ, ಅಣ್ಣ ಕೀರ್ತಿವರ್ಮ ಆಳುತ್ತಿದ್ದ ಕಾಲ. ನನಗೆ ಅದಕ್ಕಿಂತ ಇಷ್ಟವಾದದ್ದು ಅದೇ ಮಂಗಳೇಶನ ಪುಟ್ಟ ಕನ್ನಡ ಶಾಸನ. ಅಷ್ಟು ದೊಡ್ಡ ಗುಹಾಲಯವನ್ನು ಅದು ‘ಕಲ್ಮನೆ’ ಎಂದು ಕರೆಯುತ್ತದೆ. ಕಲ್ಲಿನ ಮನೆ, ಅಷ್ಟೆ. ದೇವರಿಗೆ ಹೂ ಕಟ್ಟುವವರಿಗಾಗಿ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದನ್ನು ಹೇಳಿ, ಇದನ್ನು ಅಳಿಸಿದವನು ಏಳನೆಯ ನರಕದಲ್ಲಿ ಹುಳುವಾಗಲಿ ಎಂದು ಶಪಿಸುತ್ತದೆ. ಕಂಬಗಳ ಮೇಲೆ ಹೃದಯದ ಚಿತ್ರ ಕೊರೆದು ಹೆಸರು ಬರೆದ ಪ್ರೇಮಿಗಳಿಗೆ ಈ ಹಳಗನ್ನಡವನ್ನು ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಕೆಳಗಿಳಿದು ಕೆರೆಯ ಉತ್ತರ ದಂಡೆಗೆ ಬಂದೆ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಬಂಡೆಗೆ ಬಡಿದ ಸದ್ದು ಎದುರಿನ ಗುಡ್ಡಕ್ಕೆ ಹೋಗಿ ಒಂದು ಕ್ಷಣ ತಡವಾಗಿ ಮರಳುತ್ತಿತ್ತು. ಕೆಂಪು ಬಂಡೆಗಳ ನಡುವೆ ಅರ್ಧ ತಾಸು ಅಲೆದೆ. ಬಂಡೆಯ ಮೇಲೆ ಕಂಡ ಗೀರುಗಳೆಲ್ಲ ಶಾಸನದಂತೆ ತೋರುತ್ತಿದ್ದವು, ಹತ್ತಿರ ಹೋದರೆ ಮಳೆ ಕೊರೆದ ಸೀಳುಗಳು. ಮೂವರನ್ನು ಕೇಳಿದೆ. ಇಬ್ಬರು ಗುಹೆಯ ಕಡೆಗೇ ಕೈ ತೋರಿಸಿದರು. ಮೂರನೆಯವರು ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜ. ‘ಕಪ್ಪೆ ಅರಭಟ್ಟ’ ಎಂದರೆ ಅವರಿಗೆ ತಿಳಿಯಲಿಲ್ಲ. ಹಳೆಯ ಶಾಸನ ಎಂದೆ. “ಅಕ್ಷರದ ಕಲ್ಲು ಎಂದು ಹೇಳಬಾರದೇ ತಮ್ಮಾ” ಎಂದು ಗದರಿಸಿ, ತಟ್ಟುಕೋಟೆಯ ಕಡೆಗಿನ ಬಂಡೆಯ ಮುಖವನ್ನು ಕೋಲಿನಿಂದ ತೋರಿಸಿದರು.

ಎಷ್ಟು ಚಿಕ್ಕದು! ಗೋಡೆಯಂತೆ ಎದ್ದ ಬಂಡೆಯ ಮೇಲೆ ವೃತ್ತದೊಳಗೊಂದು ತಾವರೆ, ಅದರ ಜೊತೆಗೆ ಮೂರಡಿಗಿಂತ ತುಸು ಎತ್ತರದ ಜಾಗದಲ್ಲಿ ಹತ್ತು ಸಾಲು. ಪಠ್ಯಪುಸ್ತಕದಲ್ಲಿ ಅಷ್ಟು ದೊಡ್ಡವನಾಗಿದ್ದ ಅರಭಟ್ಟ ಇಲ್ಲಿ ಒಂದು ಕಿಟಕಿಯಷ್ಟಿದ್ದ. ಬೆಳಗಿನ ಓರೆ ಬಿಸಿಲು ಇನ್ನೂ ಉಳಿದಿತ್ತು, ಪ್ರತಿ ಅಕ್ಷರದ ಒಂದು ಬದಿಯಲ್ಲಿ ತೆಳ್ಳನೆಯ ನೆರಳು. ಸುಮಾರು ಕ್ರಿ.ಶ. 700ರ ಲಿಪಿ, ಓದಲು ಬರುವುದಿಲ್ಲ ಎಂದುಕೊಂಡೇ ನಿಂತಿದ್ದೆ. ಆದರೆ ಪಾಠ ಬಾಯಿಗೆ ಬರುತ್ತಿದ್ದುದರಿಂದ ಕಣ್ಣು ಹಿಂದಿನಿಂದ ಓಡಿಬಂದು ಅದನ್ನು ಕೂಡಿಕೊಂಡಿತು. ‘ಸ’ ಸಿಕ್ಕಿತು, ‘ಧು’ ಸಿಕ್ಕಿತು, ‘ಗೆ’ ಸಿಕ್ಕಿತು.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಗಟ್ಟಿಯಾಗಿಯೇ ಓದಿದೆ. ಆಡುಗಳು ಒಮ್ಮೆ ತಲೆಯೆತ್ತಿ ನೋಡಿದವು.

ಇವನು ಯಾವ ಯುದ್ಧ ಗೆದ್ದ, ಯಾವ ಅರಸನ ಕಡೆಯವನು ಎಂಬುದನ್ನು ಆ ಹತ್ತು ಸಾಲು ಹೇಳುವುದಿಲ್ಲ. ಒಳ್ಳೆಯವರಿಗೆ ಬೇಕಾದವನು, ಕೆಡುಕರು ದೂರವಿಟ್ಟವನು ಎನ್ನುತ್ತದೆ. ಕಟ್ಟಿಹಾಕಿದ ಸಿಂಹವನ್ನು ನಮಗೇನು ಕೆಡುತ್ತದೆಂದು ಬಿಟ್ಟರೆ ಆಗುವ ಗತಿ ಇವನ ಹಗೆಗಳಿಗೆ ಆಯಿತು ಎನ್ನುತ್ತದೆ. ನಡುವೆ ಒಂದು ಸಂಸ್ಕೃತ ಶ್ಲೋಕ: ಸಾವಿನ ನೋವು ಆ ಒಂದು ಕ್ಷಣದ್ದು, ಮಾನಭಂಗದ್ದು ದಿನದಿನವೂ. ಈ ಶ್ಲೋಕವನ್ನು ಮೇಷ್ಟ್ರು ಕಣ್ಣು ಮುಚ್ಚಿ ಹೇಳುತ್ತಿದ್ದರು. ನನಗೆ ಮಾತ್ರ ಅದು ಸಭೆಗೆ ಬಂದ ದೊಡ್ಡ ಮನುಷ್ಯರ ಮಾತಿನ ಹಾಗೆ ಕೇಳುತ್ತದೆ. ಅದರ ಮುಂದಿನ ತ್ರಿಪದಿಗಳು ಮನೆಯ ಮಂದಿ. ಕನ್ನಡದಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಇವೇ.

ಫೋಟೋ ತೆಗೆಯುವುದನ್ನು ಮರೆತು ಕುಳಿತಿದ್ದೆ. ನೆನಪಾಗುವಷ್ಟರಲ್ಲಿ ಬಿಸಿಲು ನೇರವಾಗಿ, ಅಕ್ಷರಗಳ ನೆರಳು ಕರಗಿ, ಮೊಬೈಲಿನಲ್ಲಿ ಬರಿಯ ಕೆಂಪು ಬಂಡೆ ಬಂದಿತ್ತು. ಅಣ್ಣನಿಗೆ ಆಮೇಲೆ ತೋರಿಸಿದಾಗ “ಚೆನ್ನಾದ ಕಲ್ಲು” ಎಂದ.

ಬನಶಂಕರಿಗೆ ಮರಳಿದಾಗ ಒಂದೂವರೆ. ಅವ್ವ, ಚಿಕ್ಕವ್ವ ಮರದ ನೆರಳಿನಲ್ಲಿ ರೊಟ್ಟಿ ಮಾರುವವಳ ಮುಂದೆ ಕುಳಿತಿದ್ದರು. ಖಡಕ್ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಪುಟ್ಟ ಮಡಕೆಯಲ್ಲಿ ಗಟ್ಟಿ ಮೊಸರು. ನಾಲ್ಕು ರೊಟ್ಟಿ ತಿಂದೆ. ಐದನೆಯದನ್ನು ಆ ತಾಯಿ ಕೇಳದೆಯೇ ಹಾಕಿದಳು, ಹಣವನ್ನು ಮಾತ್ರ ಲೆಕ್ಕ ಮಾಡಿಯೇ ತೆಗೆದುಕೊಂಡಳು.

ಆಮೇಲೆ ಬಾಗಿಲಿನ ಕೆಲಸ. ಅವ್ವ ಚೌಕಟ್ಟು ನೋಡುವ ರೀತಿಯನ್ನು ನೋಡಬೇಕಿತ್ತು. ಬೆರಳ ಗಂಟಿನಿಂದ ತಟ್ಟಿ ಸದ್ದು ಕೇಳಿದಳು, ಬಣ್ಣ ಹಚ್ಚಿದ್ದನ್ನು ಮುಟ್ಟಲೇ ಇಲ್ಲ, “ಬಣ್ಣದ ಕೆಳಗೆ ಏನು ಮುಚ್ಚಿದ್ದಾರೋ” ಎಂದಳು. ಒಂದರಲ್ಲಿ ಗಂಟು ಕಂಡಳು, ಇನ್ನೊಂದರಲ್ಲಿ ಹಸಿ ವಾಸನೆ ಹಿಡಿದಳು. ಕೊನೆಗೆ ಮೆಚ್ಚಿದ್ದರ ಮೇಲಿನ ಪಟ್ಟಿಯಲ್ಲಿ ಗಜಲಕ್ಷ್ಮಿ ಇದ್ದಳು. ಎಡಗಡೆಯ ಆನೆ ಹಂದಿಯಂತೆ ಇದೆ ಎಂದು ನಾನು ಹೇಳಿದ್ದೇ ಚೌಕಾಶಿಗೆ ಒದಗಿತು. ಅವ್ವ ಅದನ್ನು ಹಿಡಿದು ಬೆಲೆ ಇಳಿಸುತ್ತಾ ಹೋದಳು. ಬಡಿಗ ಮೊದಲು ಸಿಟ್ಟಾದ, ಆಮೇಲೆ ನಕ್ಕ, ಕೊನೆಗೆ ಕೊಟ್ಟ.

ಟೆಂಪೋದಲ್ಲಿ ಚೌಕಟ್ಟನ್ನು ಮಲಗಿಸಿ ಹಗ್ಗ ಬಿಗಿದರು. ಹೊಸ್ತಿಲಿಗೆ ಯಾರ ಕಾಲೂ ತಾಗಬಾರದೆಂದು ಅವ್ವ ಅದರ ಮೇಲೆ ತನ್ನ ಶಾಲು ಹಾಸಿ ಪಕ್ಕದಲ್ಲಿಯೇ ಕುಳಿತಳು. ಬೆಳಗಿನಿಂದ ಎಲ್ಲಿ ಹೋಗಿದ್ದೆ ಎಂದು ಆಗ ಕೇಳಿದಳು. ಬಂಡೆಯ ವಿಷಯ ಹೇಳಿ, ಮೂರು ಸಾಲನ್ನು ತರಗತಿಯಲ್ಲಿ ಕಲಿತ ಹಾಗೆ ತಡೆತಡೆದು ಒಪ್ಪಿಸಿದೆ.

“ಇದು ಬೀಸುವ ಪದವಲ್ಲವೇ” ಎಂದಳು.

ಹಿಟ್ಟಿನ ಗಿರಣಿ ನಮ್ಮೂರಿಗೆ ಬರುವ ತನಕ ಕೋಳಿ ಕೂಗುವ ಮೊದಲೇ ಎದ್ದು ಬೀಸಿದವಳು ಅವಳು. ನಾನು ಶಾಸನ, ಚಾಲುಕ್ಯರು, ಸಾವಿರದ ಮುನ್ನೂರು ವರ್ಷ ಎಂದೆಲ್ಲ ಹೇಳುತ್ತಿರುವಾಗ ಅವಳು ಕೇಳುತ್ತಿರಲಿಲ್ಲ, ಒಳಗೇ ಗುನುಗುತ್ತಿದ್ದಳು. ಮತ್ತೊಮ್ಮೆ ಹೇಳು ಎಂದಳು. ಹೇಳಿದೆ. ‘ಬಾಧಿಪ್ಪ ಕಲಿಗೆ’ ಎಂಬಲ್ಲಿ ನಿಂತು, ಆ ಸಾಲನ್ನು ಎರಡು ಸಲ ತಿರುಗಿಸಿ, ಬೀಸುವ ಕಲ್ಲು ಒಂದು ಸುತ್ತು ಮುಗಿಸುವ ಹಾಗೆ ಎಳೆದು ‘ಮಾಧವನೀತನ್’ಗೆ ಬಂದಳು. ನಾಲಿಗೆ ಒಮ್ಮೆಯೂ ತೊಡರಲಿಲ್ಲ. ತರಗತಿಯಲ್ಲಿ ಗಣ ಬಿಡಿಸಿ, ಗೆರೆ ಎಳೆದು, ವಿಷ್ಣುಗಣ ಬ್ರಹ್ಮಗಣ ಎಂದು ಗುರುತು ಹಾಕಿ ನಾನು ಹತ್ತರಲ್ಲಿ ಆರು ಅಂಕ ಪಡೆದಿದ್ದೆ.

“ಪೆರನಲ್ಲ ಎಂದರೇನು?”

“ಬೇರೆಯವನಲ್ಲ. ಇವನೇ ಮಾಧವ ಎಂದು ಅರ್ಥ.”

“ಬರೀ ಅವನ ಹೊಗಳಿಕೆ. ತವರಿನ ಮಾತೇ ಇಲ್ಲವಲ್ಲ” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಬೀಸುವ ಪದದಲ್ಲಿ ತವರು ಇಲ್ಲದಿದ್ದರೆ ಅವಳ ಲೆಕ್ಕದಲ್ಲಿ ಅದು ಅರ್ಧ ಪದ. ಸೇತುವೆಯ ಮೇಲೆ ಮಲಪ್ರಭೆಯ ತಂಗಾಳಿ ಬೀಸಿತು, ಅವಳು ತನ್ನದೇ ಪದವೊಂದನ್ನು ಶುರು ಮಾಡಿದಳು, ಚಿಕ್ಕವ್ವನನ್ನು ಚೊಳಚಗುಡ್ಡದಲ್ಲಿ ಇಳಿಸುವುದೇ ಮರೆತುಹೋಗಿ ಟೆಂಪೋ ಹಿಂದಕ್ಕೆ ತಿರುಗಬೇಕಾಯಿತು.

ಮನೆ ತಲುಪಿದಾಗ ಕತ್ತಲಾಗಿತ್ತು. ಅಣ್ಣ ಬ್ಯಾಟರಿ ಹಿಡಿದು ಅಳತೆಯ ಪಟ್ಟಿ ಇಟ್ಟು ನೋಡಿದ. ಗಾರೆಯವನಿಗೆ ಹೇಳಿದ್ದಕ್ಕಿಂತ ಚೌಕಟ್ಟು ನಾಲ್ಕು ಬೆರಳು ಎತ್ತರವಿತ್ತು. ಕೆಳಗೆ ಕೊಯ್ಯಿಸೋಣವೇ ಎಂದು ಕೇಳಿದ.

“ಬಾಗಿಲಿಗೆ ಗರಗಸ ಹಚ್ಚುತ್ತೀಯಾ?” ಎಂದಳು ಅವ್ವ, ಹೊಸ್ತಿಲಿನ ಮೇಲಿನ ಶಾಲು ಕೊಡವುತ್ತಾ. “ಗೋಡೆಯನ್ನು ಎತ್ತರಿಸು.”